ಹೊಸ ಟ್ರ್ಯಾಕ್ ನೋಡಿ ಹಳೇ ಲೋಡರ್ ತಂದದ್ದು

ಪರ್ಕಳದ ಸೈಟಿನಲ್ಲಿ ಕಳೆದ ಜೂನ್‌ನಲ್ಲಿ ನಡೆದದ್ದು ಇದು. ಜೋರು ಮಳೆ ಬಂದರೆ ನನಗೆ ಇವತ್ತಿಗೂ ಮೊದಲು ಕಣ್ಣಿಗೆ ಬರುವುದು ಆ ರ‍್ಯಾಂಪು.

ನಾನು ಉಡುಪಿಯ ಒಬ್ಬ ಮಣ್ಣುಕೆಲಸದ ಕಂಟ್ರಾಕ್ಟರ ಹತ್ತಿರ ಮೆಷಿನ್ ಇನ್‌ಚಾರ್ಜ್. ಮನೆ ಸೈಟುಗಳ ಕೆಲಸ ಹೆಚ್ಚಾಗಿತ್ತು. ಜೆಸಿಬಿ ನುಗ್ಗದ ಓಣಿಗಳು. ಮುರಕಲ್ಲಿನ ಪದರ ತೆಗೆದರೆ ಅಡಿಯಲ್ಲಿ ಶೇಡಿಮಣ್ಣು, ಬೆಳ್ಳಗಿನ ನುಣುಪು ಜೇಡಿ. ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ನಮ್ಮ ಮಳೆಗೆ ಆ ಶೇಡಿ ಸಾಬೂನಿನ ಹಾಗೆ ಆಗುತ್ತದೆ, ಟಯರಿನ ಲೋಡರ್ ನಿಂತಲ್ಲೇ ಸುತ್ತುತ್ತದೆ. ಟಯರಿನ ಬದಲು ರಬ್ಬರ್ ಪಟ್ಟಿ, ಅಂದರೆ ಟ್ರ್ಯಾಕ್, ಇರುವ ಸಣ್ಣ ಲೋಡರ್ ತೆಗೆದುಕೊಳ್ಳುವ ಎಂದು ದಣಿಗಳಿಗೆ ಹೇಳಿದ್ದು ನಾನೇ. ಹೊಸದಕ್ಕೆ ದುಡ್ಡಿಲ್ಲ, ಸೆಕೆಂಡ್‌ಹ್ಯಾಂಡ್ ನೋಡು, ಮಳೆ ಹಿಡಿಯುವ ಮೊದಲು ಯಾರ್ಡಿಗೆ ಬರಬೇಕು ಅಂದರು. ಆಮೇಲೆ ದಿನಕ್ಕೆ ಎರಡು ಸಲ ಫೋನು.

ಮಂಗಳೂರಿನ ಬೈಕಂಪಾಡಿ ಕಡೆ ಒಂದು ಉಂಟೆಂದು ಗೊತ್ತಾಗಿ ಹೋದೆವು. ಜೊತೆಗೆ ನಮ್ಮ ಹಿರಿಯ ಆಪರೇಟರ್, 22 ವರ್ಷ ಲಿವರ್ ಹಿಡಿದವರು. ಯಾರ್ಡಿನಲ್ಲಿ ಎಲ್ಲರಿಗೂ ಅವರು ಅಣ್ಣ. ನಾವು ಗೇಟು ದಾಟುವಾಗಲೇ ಮೆಷಿನ್ ಸ್ಟಾರ್ಟ್ ಆಗಿ ನಿಂತಿತ್ತು. ನಮಗಾಗಿ ರೆಡಿ ಮಾಡಿ ಇಟ್ಟಿದ್ದಾರೆ, ಒಳ್ಳೆ ಪಾರ್ಟಿ ಅಂದುಕೊಂಡೆ. ಹೊಸ ಪೈಂಟು. ಎರಡೂ ಟ್ರ್ಯಾಕ್ ಹೊಚ್ಚ ಹೊಸದು, ಗ್ರಿಪ್ಪಿನ ಅಂಚು ಕೂಡ ಸವೆದಿರಲಿಲ್ಲ. ಟ್ರ್ಯಾಕಿನ ಖರ್ಚು ದೊಡ್ಡದು, ಅದು ಉಳಿಯಿತು ಎಂದು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿಬಿಟ್ಟೆ.

ಅಣ್ಣ ಬಗ್ಗಿ ಹಿಂದಿನ ಸ್ಪ್ರಾಕೆಟ್, ಟ್ರ್ಯಾಕ್ ತಿರುಗಿಸುವ ಹಲ್ಲಿನ ಚಕ್ರ, ಅದರ ಹತ್ತಿರ ಕೈ ಹಾಕಿದರು. ಎದ್ದು ಬಂದು ಮೆಲ್ಲಗೆ, "ಸರ್, ಕೆಸರು ತೆಗೆಸಿ ಹಲ್ಲು ನೋಡ್ಬೇಕು. ಅಡಿಯ ಪ್ಲೇಟೂ ಬಿಚ್ಚಲಿಕ್ಕೆ ಹೇಳಿ. ಇಂಜಿನ್ ತಣ್ಣಗಾಗ್ಲಿ, ನಾಳೆ ಬೆಳಿಗ್ಗೆ ಬರುವ" ಅಂದರು. ಮಾರುವವರು ಆಗಷ್ಟೆ ಚಾ ತರಿಸಿದ್ದರು. ಅವರೆದುರು ನನಗೆ ಮುಜುಗರವಾಯಿತು. "ಸಾಕು ಅಣ್ಣ, ಟ್ರ್ಯಾಕ್ ಹೊಸದುಂಟಲ್ಲ" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಹೋಗಿ ಪಿಕಪ್ಪಿನಲ್ಲಿ ಕೂತರು.

ಫೈನಾನ್ಸಿನವರ ಕಡೆಯಿಂದ ವ್ಯಾಲ್ಯುಯೇಶನ್‌ಗೆ ಬಂದವರು ನಾಲ್ಕು ಮೂಲೆಯಿಂದ ಫೋಟೋ ತೆಗೆದು, ಚಾಸಿ ನಂಬರ್ ಬರೆದುಕೊಂಡು ಹೋದರು. ಒಮ್ಮೆಯೂ ಬಗ್ಗಲಿಲ್ಲ. ನಮ್ಮ ಆಫೀಸಿನ ಖರೀದಿ ಫಾರ್ಮಿನಲ್ಲಿ ಬಣ್ಣಕ್ಕೆ, ಇನ್ಶೂರೆನ್ಸಿಗೆ ಕಾಲಂ ಇತ್ತು, ಅಂಡರ್‌ಕ್ಯಾರೇಜಿಗೆ, ಅಂದರೆ ಟ್ರ್ಯಾಕ್ ಮತ್ತು ಅದರ ಚಕ್ರಗಳ ಅಡಿಭಾಗಕ್ಕೆ, ಇರಲಿಲ್ಲ. ಟ್ರ್ಯಾಕ್ ಮೆಷಿನಿನಲ್ಲಿ ದುಡ್ಡು ತಿನ್ನುವುದೇ ಆ ಭಾಗ.

ಜೂನ್ ಎರಡನೇ ವಾರ. ಅಣ್ಣ ಬಕೆಟ್ ತುಂಬ ಮಣ್ಣು ಹಿಡಿದು ರ‍್ಯಾಂಪ್ ಏರುತ್ತಿದ್ದರು. ತಿರುವಿನಲ್ಲಿ ಬಲಗಡೆಯಿಂದ ಟಕ್ ಎಂದಿತು. ಇನ್ನೊಮ್ಮೆ ಟಕ್. ಮೂರನೆಯ ಸಲಕ್ಕೆ ಟ್ರ್ಯಾಕ್ ಸ್ಪ್ರಾಕೆಟ್ ಬಿಟ್ಟು ಹೊರಗೆ ಬಂತು. ಮೆಷಿನ್ ಮಣ್ಣು ಕಡಿದ ಕಟಿಂಗಿನ ಅಂಚಿನ ಕಡೆಗೆ ಒಂದಡಿ ಜಾರಿತು. ಅಂಚಿನಿಂದ ಕೆಳಗೆ 12 ಅಡಿ, ಅಲ್ಲಿ ಶೀಟಿನ ಶೆಡ್ಡು, ಒಳಗೆ ಕಲ್ಲು ಕಟ್ಟುವವರು ಊಟಕ್ಕೆ ಕೂತಿದ್ದರು.

ಅಣ್ಣ ಬಕೆಟನ್ನು ನೆಲಕ್ಕೆ ಬಡಿದು ಒತ್ತಿ ಹಿಡಿದರು. ಮೆಷಿನ್ ನಿಂತಿತು. ನಾನು "ಹಾರಿ ಅಣ್ಣ, ಹಾರಿ" ಎಂದು ಕಿರುಚಿದೆ. ಅವರು ಕೈ ಎತ್ತಿ ಬೇಡ ಎಂದರು. ಎದ್ದು ಬರಬೇಕಾದರೆ ಮಡಿಲಿಗೆ ಅಡ್ಡ ಇರುವ ಸೀಟ್ ಬಾರ್ ಎತ್ತಬೇಕು. ಬಾರ್ ಎತ್ತಿದರೆ ಹೈಡ್ರಾಲಿಕ್ ಲಾಕ್ ಆಗುತ್ತದೆ, ಮೆಷಿನ್ ಮತ್ತೆ ಜಾರಿದರೆ ಬಕೆಟ್ ಒತ್ತಲಿಕ್ಕೆ ಆಗುವುದಿಲ್ಲ. ಟ್ರ್ಯಾಕ್ ಕಳಚಿದ ಬದಿಗೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಆ ಹೊತ್ತಿಗೆ ಮೆಷಿನನ್ನು ಹಿಡಿದದ್ದು ಹೆಚ್ಚಾಗಿ ಆ ಬಕೆಟಿನ ತುದಿ. ನನಗೆ ಇದೆಲ್ಲ ಗೊತ್ತಿತ್ತು, ಆದರೂ ಹಾರಿ ಅಂದೆ.

ಶೆಡ್ಡಿನವರನ್ನು ಎಬ್ಬಿಸಿ ಹೊರಗೆ ಕಳಿಸಿದೆವು. ಪಕ್ಕದ ಸೈಟಿನಿಂದ ಹಿಟಾಚಿ ಬರಲು 20 ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಮಳೆ ಸುರಿಯುತ್ತಲೇ ಇತ್ತು, ಬಕೆಟಿನ ಅಡಿಯ ಶೇಡಿ ಬೆಳ್ಳಗೆ ಕರಗಿ ಇಳಿಯುತ್ತಿತ್ತು. ಅಣ್ಣ ಲಿವರಿನಿಂದ ಕೈ ತೆಗೆಯಲಿಲ್ಲ. ನಾನು ಏನೂ ಮಾಡಲಾಗದೆ ನೋಡುತ್ತ ನಿಂತಿದ್ದೆ. ಚೈನ್ ಕಟ್ಟಿ ಹಿಟಾಚಿ ಎಳೆದು ಹಿಡಿದ ಮೇಲೆಯೇ ಅವರು ಇಳಿದದ್ದು.

ಯಾರ್ಡಿನಲ್ಲಿ ಬಿಚ್ಚಿ ನೋಡಿದಾಗ ಸ್ಪ್ರಾಕೆಟಿನ ಹಲ್ಲುಗಳು ಸವೆದು ಕೊಕ್ಕೆಯ ಹಾಗೆ ಬಾಗಿದ್ದವು. ಅಂಥ ಹಲ್ಲಿನ ಮೇಲೆ ಹೊಸ ಟ್ರ್ಯಾಕ್ ಸರಿಯಾಗಿ ಕೂರುವುದೇ ಇಲ್ಲ, ಹೊಸದೂ ಬೇಗ ಹಾಳಾಗುತ್ತದೆ. ಬಲಬದಿಯ ಟ್ರ್ಯಾಕನ್ನು ಬಿಗಿ ಹಿಡಿಯುವ ಟೆನ್ಷನರ್ ಸಿಲಿಂಡರಿನ ಸೀಲಿನಿಂದ ಗ್ರೀಸ್ ಹೊರಗೆ ಬರುತ್ತಿತ್ತು. ಗ್ರೀಸ್ ಗನ್ ಹೊಡೆದರೆ ಟ್ರ್ಯಾಕ್ ಬಿಗಿಯಾಗುತ್ತದೆ, ಕೆಲಸ ಮಾಡುತ್ತ ಸಡಿಲವಾಗುತ್ತದೆ. ನಾವು ನೋಡಲಿಕ್ಕೆ ಹೋದ ದಿನ ಬಿಗಿಯಾಗಿಯೇ ಇತ್ತು. ಅಡಿಯ ಪ್ಲೇಟು ತೆಗೆದರೆ ಹಳೇ ಕಾಂಪ್ಲೆಕ್ಸ್ ಗೊಬ್ಬರದ ಗಟ್ಟಿ, ವೈರಿಂಗ್ ಕನೆಕ್ಟರುಗಳೆಲ್ಲ ಹಸಿರು ಹಿಡಿದಿದ್ದವು. ಗೊಬ್ಬರದ ಗೋಡೌನಿನಲ್ಲಿ ದುಡಿದ ಮೆಷಿನ್. ಆ ಗೊಬ್ಬರದಲ್ಲಿರುವ ಪೊಟ್ಯಾಷ್ ಉಪ್ಪಿನ ಜಾತಿಯದು, ತೇವ ಎಳೆದು ಕಬ್ಬಿಣವನ್ನು ತಿನ್ನುತ್ತದೆ. ಇಷ್ಟನ್ನೂ ಅಣ್ಣ ಆ ದಿನವೇ ಕಂಡುಹಿಡಿಯುತ್ತಿದ್ದರು.

ದಣಿಗಳು ಬೈದರು, ಬೈಯಲೇಬೇಕಿತ್ತು. ಆದರೆ ಮೇ 31ರೊಳಗೆ ಬೇಕು ಎಂದು ಹಠ ಹಿಡಿದದ್ದೂ ಅವರೇ, ಅದನ್ನೂ ಹೇಳಿದೆ. ಈಗ ಫಾರ್ಮಿಗೆ ಇನ್ನೊಂದು ಹಾಳೆ ಸೇರಿದೆ: ಸ್ಪ್ರಾಕೆಟ್, ಟ್ರ್ಯಾಕಿನ ಒಳಗಿನ ರೋಲರ್ ಮತ್ತು ಐಡ್ಲರ್ ಚಕ್ರಗಳು, ಟ್ರ್ಯಾಕ್ ಓಡಿಸುವ ಟ್ರಾವೆಲ್ ಮೋಟಾರಿನ ಲೀಕ್, ಆ ಮೋಟಾರಿನ ಕೇಸ್ ಡ್ರೈನ್ ಫಿಲ್ಟರಿನಲ್ಲಿ ಲೋಹದ ಪುಡಿ, ಕೋಲ್ಡ್ ಸ್ಟಾರ್ಟ್, ಅಂದರೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ನೋಡುವುದು; ಮೊದಲೇ ಬಿಸಿ ಮಾಡಿಟ್ಟರೆ ಸ್ಟಾರ್ಟಿನ ದೋಷ ಕಾಣುವುದಿಲ್ಲ. ಕೆಳಗೆ ಮೆಷಿನ್ ಓಡಿಸುವ ಆಪರೇಟರ್ ಸಹಿ. ಅದಿಲ್ಲದೆ ಅಡ್ವಾನ್ಸ್ ಇಲ್ಲ. ಈ ಹಾಳೆಗಾಗಿ ಆಫೀಸಿನಲ್ಲಿ ನಾನು ಎರಡು ತಿಂಗಳು ಜಗಳ ಮಾಡಿದ್ದೇನೆ.

ಅಣ್ಣನ ಹತ್ತಿರ ತಪ್ಪಾಯಿತು ಎಂದು ಹೇಳಲು ನನಗೆ ಒಂದು ವಾರ ಬೇಕಾಯಿತು. "ಆಯ್ತು ಸರ್, ಮುಂದಿನ ಸಲ ನೋಡುವ" ಅಂದರು, ಅಷ್ಟೇ.

ಹೋದ ವಾರ ಮೂಡುಬಿದಿರೆ ಕಡೆ ಇನ್ನೊಂದು ಲೋಡರ್ ನೋಡಲಿಕ್ಕೆ ಹೋಗಿದ್ದೆವು. ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಮುಟ್ಟಿ, ಬಾನೆಟ್ ಎತ್ತಿಸಿ ಇಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಅಣ್ಣ ಗೋಣಿ ಹಾಸಿ ಟಾರ್ಚ್ ಹಿಡಿದು ಅಡಿಗೆ ಹೋದವರು 40 ನಿಮಿಷವಾದರೂ ಹೊರಗೆ ಬರಲಿಲ್ಲ. ಮಾರುವವರು ಎರಡು ಸಲ ಚಾಕ್ಕೆ ಕರೆದರು. ಅಣ್ಣ ಏಳಲಿ, ಒಟ್ಟಿಗೆ ಕುಡಿಯುವ ಅಂದೆ.