ಎಸ್‌ಡಿಎಂಸಿಗೆ ಆಯ್ಕೆಯಾದ ಪೋಷಕರೇ, ಸಹಿ ಹಾಕುವ ಮುಂಚೆ ಇದಿಷ್ಟು ನೋಡಿ

ಸರ್ಕಾರಿ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಆಯ್ಕೆಯಾದವರಿಗೆ ಮೊದಲ ದಿನ ಹಾರ ಸಿಗುತ್ತದೆ, ಮುಂದಿನ ಸಭೆಯಿಂದ ಸಹಿ ಹಾಕುವ ಪುಸ್ತಕ ಸಿಗುತ್ತದೆ. ಆ ಪುಸ್ತಕವನ್ನು ಓದದೆ ಸಹಿ ಮಾಡುವ ಅಭ್ಯಾಸ ಒಮ್ಮೆ ಶುರುವಾಯಿತೆಂದರೆ ಅವಧಿಯೆಲ್ಲ ಹಾಗೇ ಕಳೆದುಹೋಗುತ್ತದೆ. ಸಮಿತಿಯ ಅಧಿಕಾರ ಎನ್ನುವುದೇನಾದರೂ ಇದ್ದರೆ ಅದು ಆ ಪುಸ್ತಕದಲ್ಲಿದೆ. ಭಾಷಣದಲ್ಲೂ ಇಲ್ಲ, ಸ್ವಾತಂತ್ರ್ಯ ದಿನಾಚರಣೆಯ ವೇದಿಕೆಯ ಕುರ್ಚಿಯಲ್ಲೂ ಇಲ್ಲ.

ಹಿನ್ನೆಲೆ ಎರಡೇ ಮಾತಿನಲ್ಲಿ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ಕರ್ನಾಟಕದಲ್ಲಿ ಈ ಸಮಿತಿಗಳು 2001ರಲ್ಲಿ ಬಂದವು. ಆಮೇಲೆ 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಸಮಿತಿಯ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ನಮ್ಮಲ್ಲಿ ಪೋಷಕರಿಂದ 18 ಜನ ಆಯ್ಕೆಯಾಗುತ್ತಾರೆ, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಅನುದಾನಿತ ಶಾಲೆಗಳಲ್ಲಿ ಈ ಸಮಿತಿ ಸಲಹೆ ಕೊಡಬಹುದು ಅಷ್ಟೇ. ಅನುದಾನವಿಲ್ಲದ ಖಾಸಗಿ ಶಾಲೆಗೆ ಈ ಸೆಕ್ಷನ್ ಅನ್ವಯಿಸುವುದೇ ಇಲ್ಲ.

ಕಾಗದದ ಮೇಲಿನ ಮಹಿಳಾ ಮೀಸಲಾತಿ ಸಭೆಯಲ್ಲಿ ಹೇಗೆ ಕರಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಸದಸ್ಯೆ ಹೆಂಡತಿ, ಸಭೆಗೆ ಬರುವವನು ಗಂಡ, ಪುಸ್ತಕ ಮನೆಗೇ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಇದಕ್ಕೆ ಅರ್ಧ ಕಾರಣ ಸಭೆಯ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋಗುವವರು ಒಂದು ದಿನದ ದುಡಿಮೆ ಬಿಟ್ಟು ಬರಬೇಕು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೋ ಸಂಜೆಯೋ ಇಟ್ಟರೆ ಹಾಜರಾತಿ ತಾನಾಗಿ ಏರುತ್ತದೆ. ಮೊದಲ ಸಭೆಯಲ್ಲೇ ತಿಂಗಳ ಇಂಥ ವಾರ, ಇಂಥ ಗಂಟೆ ಎಂದು ಖಾಯಂ ಮಾಡಿ ಠರಾವು ಬರೆಸಿಬಿಡಿ.

ಇನ್ನು ಆ ಸಹಿ ಹಾಕುವ ಪುಸ್ತಕ, ಅಂದರೆ ಸಭೆಯ ತೀರ್ಮಾನಗಳನ್ನು ಬರೆಯುವ ನಡಾವಳಿ ಪುಸ್ತಕ. ಪುಟಗಳಿಗೆ ಮುದ್ರಿತ ಸಂಖ್ಯೆ ಇಲ್ಲದಿದ್ದರೆ ಪೆನ್ನಿನಲ್ಲಿ ಹಾಕಿಸಿ. ಮೇಲೆ ದಿನಾಂಕ, ಶುರುವಾದ ಸಮಯ, ಬಂದವರ ಹೆಸರು. ಕೆಳಗೆ ವಿಷಯವಾರು ತೀರ್ಮಾನ. ಕೊನೆಯ ತೀರ್ಮಾನದ ಸಾಲಿಗೂ ಮೊದಲ ಸಹಿಗೂ ನಡುವೆ ಜಾಗ ಉಳಿಯಬಾರದು, ಉಳಿದರೆ ಅಡ್ಡಗೆರೆ ಎಳೆಯಿರಿ. ತಕರಾರುಗಳು ಹುಟ್ಟುವುದು ಆ ಖಾಲಿ ಜಾಗದಲ್ಲೇ: ಸಭೆಯಲ್ಲಿ ಮಾತೇ ಆಗದ ಖರೀದಿಯೊಂದು ವಾರದ ನಂತರ ಅಲ್ಲಿ ಬಂದು ಕೂತಿರುತ್ತದೆ. ಹಾಗೆಂದು ಪ್ರತಿ ಸಲವೂ ಕಳ್ಳತನವೇ ಎಂದಲ್ಲ. ಮುಖ್ಯ ಶಿಕ್ಷಕರಿಗೆ ಮೇಲಿನಿಂದ ಫೋನು ಬಂದಿರುತ್ತದೆ, ನಾಳೆಯೇ ಠರಾವು ಬೇಕೆಂದು. ಅಂಥ ಹೊತ್ತಿನಲ್ಲಿ ತುರ್ತು ಸಭೆ ಕರೆಯಬಹುದು, ಹಳೆಯ ಸಭೆಯ ಪುಟಕ್ಕೆ ಹೊಸ ಸಾಲು ಸೇರಿಸುವಂತಿಲ್ಲ.

ಠರಾವಿನ ಭಾಷೆಯೂ ಮುಖ್ಯ. ‘ಶಾಲೆಯ ದುರಸ್ತಿ ಕುರಿತು ಚರ್ಚಿಸಿ ಒಪ್ಪಿಗೆ ನೀಡಲಾಯಿತು’ ಎಂಬ ವಾಕ್ಯದ ಕೆಳಗೆ ಯಾವ ಬಿಲ್ಲನ್ನಾದರೂ ತುರುಕಬಹುದು. ಅದರ ಬದಲು ಹೀಗೆ ಬರೆಸಿ: ‘ಹೆಣ್ಣುಮಕ್ಕಳ ಶೌಚಾಲಯದ ಒಳಚಿಲಕ 1, ನಲ್ಲಿ 2 ಬದಲಿಸಲು ಶಾಲಾ ಅನುದಾನದಿಂದ 1,800 ರೂಪಾಯಿ ಮೀರದಂತೆ ಖರ್ಚು ಮಾಡುವುದು, ಕೆಲಸ ನೋಡಿಕೊಳ್ಳುವವರು ಇಂಥ ಸದಸ್ಯರು, ಬಿಲ್ಲನ್ನು ಮುಂದಿನ ಸಭೆಯಲ್ಲಿ ಹಾಜರುಪಡಿಸುವುದು.’ ಏನು, ಎಷ್ಟು, ಯಾವ ಲೆಕ್ಕದಿಂದ, ಯಾರು, ಯಾವಾಗ. ಇವು ಐದೂ ಇಲ್ಲದ ಠರಾವಿಗೆ ಸಹಿ ಬೇಡ. ಮುಂದಿನ ಸಭೆಯ ಮೊದಲ ವಿಷಯ ಯಾವಾಗಲೂ ಹಿಂದಿನ ಸಭೆಯ ತೀರ್ಮಾನಗಳ ಗತಿಯೇ ಆಗಿರಲಿ.

ದುಡ್ಡಿನ ವಿಚಾರಕ್ಕೆ ಬರೋಣ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಡಿ ಶಾಲೆಗೆ ಬರುವ ಸಂಯೋಜಿತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ, 101ರಿಂದ 250 ಮಕ್ಕಳಿದ್ದರೆ 50,000, ಅದರಾಚೆ 1,000 ಮಕ್ಕಳವರೆಗೆ 75,000. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. 25,000ದ ಶಾಲೆಯಲ್ಲಿ ಅದು 2,500, ಅಂದರೆ ಶಾಲೆ ನಡೆಯುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 250 ರೂಪಾಯಿ. ಸೋಪು, ಫಿನಾಯಿಲು, ಪೊರಕೆಗೇ ಅದು ಮುಗಿಯುತ್ತದೆ. ಶೌಚಾಲಯ ತೊಳೆಯುವವರಿಗೆ ಕೊಡಲು ಏನೂ ಉಳಿಯುವುದಿಲ್ಲ. ಶೌಚಾಲಯ ಇದ್ದೂ ಬೀಗ ಬೀಳುವುದಕ್ಕೆ ಇದೇ ದೊಡ್ಡ ಕಾರಣ. ಶೇ 10 ಎನ್ನುವುದು ಕನಿಷ್ಠ ಮಿತಿ, ಗರಿಷ್ಠವಲ್ಲ. ಗೋಡೆಗೆ ಬಣ್ಣ ಬಳಿಯುವ ಬಾಬನ್ನು ಒಂದು ವರ್ಷ ಮುಂದೂಡಿ ಅದನ್ನು ಶೌಚಾಲಯಕ್ಕೆ ನೀರು ಹರಿಸಲು ಬಳಸುವ ತೀರ್ಮಾನ ಸಮಿತಿಯ ಕೈಯಲ್ಲೇ ಇದೆ. ಬಣ್ಣ ಕಣ್ಣಿಗೆ ಕಾಣುತ್ತದೆ, ನಲ್ಲಿ ಕಾಣುವುದಿಲ್ಲ. ಆದ್ದರಿಂದಲೇ ಬಣ್ಣ ಗೆಲ್ಲುತ್ತಾ ಬಂದಿದೆ.

ಖರ್ಚು ಪರಿಶೀಲಿಸಲು ಲೆಕ್ಕಪತ್ರ ಓದಿರಬೇಕಾಗಿಲ್ಲ. ಒಂದು ಖರೀದಿ ಹಿಡಿದುಕೊಳ್ಳಿ, ಉದಾಹರಣೆಗೆ ಮೂರು ಸೀಲಿಂಗ್ ಫ್ಯಾನು. ಠರಾವಿನಲ್ಲಿದೆಯೇ, ಬಿಲ್ಲು ಶಾಲೆಯ ಹೆಸರಿಗಿದೆಯೇ, ಕ್ಯಾಶ್ ಬುಕ್ಕಿನ ಮೊತ್ತವೂ ಬ್ಯಾಂಕಿನಿಂದ ಹೋದ ಮೊತ್ತವೂ ಒಂದೇ ಇದೆಯೇ, ದಾಸ್ತಾನು ವಹಿಯಲ್ಲಿ ಮೂರು ಫ್ಯಾನು ಏರಿದೆಯೇ, ಕೊನೆಗೆ ತಲೆಯೆತ್ತಿ ನೋಡಿದರೆ ಮೂರೂ ತಿರುಗುತ್ತಿವೆಯೇ. ಸಾಮಾನ್ಯವಾಗಿ ಕೊಂಡಿ ಕಳಚುವುದು ದಾಸ್ತಾನು ವಹಿಯಲ್ಲಿ. ಕ್ಯಾಶ್ ಬುಕ್ಕನ್ನು ಆಡಿಟ್ಟಿನವರು ನೋಡುತ್ತಾರೆಂದು ಸರಿಯಾಗಿ ಇಟ್ಟಿರುತ್ತಾರೆ, ದಾಸ್ತಾನು ವಹಿ ಹಳೆಯ ಮುಖ್ಯ ಶಿಕ್ಷಕರ ವರ್ಗಾವಣೆಯ ದಿನಕ್ಕೇ ನಿಂತಿರುತ್ತದೆ. ಅಧ್ಯಕ್ಷರಿಗೆ ಒಂದು ಮಾತು ಬೇರೆ: ಜಂಟಿ ಖಾತೆಯ ಖಾಲಿ ಚೆಕ್ಕಿಗೆ ಮುಂಗಡ ಸಹಿ ಮಾಡಿಡಬೇಡಿ. ‘ನೀವು ಊರಲ್ಲಿರಲ್ಲವಲ್ಲ’ ಎಂಬ ನೆಪ ಎಷ್ಟೇ ವಿನಯದಿಂದ ಬಂದರೂ ಸರಿ.

ಅನುದಾನ ಬರುವುದು ತಡ, ಮಾರ್ಚ್ 31ರೊಳಗೆ ಖರ್ಚು ತೋರಿಸುವ ಗಡಿಬಿಡಿ ದೊಡ್ಡದು. ಬೇಡದ ಸಾಮಾನು ಬರುವುದು ಆ ಹದಿನೈದು ದಿನದಲ್ಲೇ. ಡಿಸೆಂಬರಿನಲ್ಲಿಯೇ ಆದ್ಯತೆಯ ಪಟ್ಟಿ ಠರಾವಾಗಿ, ಎರಡು ಮೂರು ಅಂಗಡಿಯ ದರಪಟ್ಟಿ ತರಿಸಿ ಫೈಲಿನಲ್ಲಿಟ್ಟಿದ್ದರೆ ಹಣ ಬಂದ ವಾರದಲ್ಲೇ ಸರಿಯಾದ ವಸ್ತು ಕೊಳ್ಳಬಹುದು.

ಪೋಷಕರಿಂದ ವಂತಿಗೆ ಎತ್ತುವುದು ಸೂಕ್ಷ್ಮ. 2022ರ ಅಕ್ಟೋಬರಿನಲ್ಲಿ ಎಸ್‌ಡಿಎಂಸಿಗಳು ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟು, ಟೀಕೆ ಎದ್ದು, ವಾಪಸಾಯಿತು. ಸ್ವಇಚ್ಛೆ ಎಂದು ಬರೆದರೂ ಶಾಲೆಯ ಬಾಗಿಲಲ್ಲಿ ಅದು ಒತ್ತಾಯವಾಗಿಬಿಡುತ್ತದೆ. ದಾನಿಗಳು ತಾವಾಗಿ ಕೊಟ್ಟರೆ ರಸೀದಿ ಹರಿದು ಖಾತೆಗೆ ಕಟ್ಟಿಸಿ. ದಾಖಲಾತಿಗೋ ಟಿಸಿಗೋ ಅದನ್ನು ತಳುಕು ಹಾಕಬೇಡಿ.

ಅಡುಗೆ ಕೋಣೆಯಲ್ಲಿ ಸಮಿತಿ ಹೆಚ್ಚು ಹೊತ್ತು ಕಳೆಯಬೇಕು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಲೆಕ್ಕ ದಿನವೂ ಸಿಗುತ್ತದೆ. ಬಿಸಿಯೂಟದ ಪ್ರಮಾಣ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟಕ್ಕೆ ಇದರ ಒಂದೂವರೆ ಪಾಲು. ಐದನೇ ತರಗತಿಯೊಳಗಿನ 72 ಮಕ್ಕಳು ಇಂದು ಹಾಜರಿದ್ದರೆ ಅಕ್ಕಿ 7.2 ಕೆಜಿ, ಬೇಳೆ 1.44 ಕೆಜಿ, ತರಕಾರಿ 3.6 ಕೆಜಿ, ಎಣ್ಣೆ 360 ಗ್ರಾಂ. ಕ್ಷೀರಭಾಗ್ಯದ ಹಾಲಿಗೆ ತಲಾ 18 ಗ್ರಾಂ ಪುಡಿ, 150 ಮಿಲಿ ಹಾಲು. 72 ಮಕ್ಕಳಿಗೆ ಸುಮಾರು 1.3 ಕೆಜಿ ಪುಡಿ. ಪುಡಿಯನ್ನು ಕುದಿಯುವ ನೀರಿಗೇ ಸುರಿದರೆ ಗಂಟು ಕಟ್ಟುತ್ತದೆ, ಮಕ್ಕಳು ಲೋಟ ಹಾಗೇ ಬಿಡುತ್ತಾರೆ. ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಆಮೇಲೆ ಕುದಿಸಬೇಕು.

ಮುಂಚೆ ಹೇಳದೆ ಒಂದು ದಿನ ಹೋಗಿ ತರಗತಿಗಳ ಹಾಜರಿ ಕೂಡಿಸಿ, ತಟ್ಟೆ ಎಣಿಸಿ, ಅಡುಗೆ ದಾಸ್ತಾನು ವಹಿಯಲ್ಲಿ ಅಂದು ಬರೆದ ಸಂಖ್ಯೆ ನೋಡಿ. ಮೂರೂ ಹತ್ತಿರ ಇರಬೇಕು. ದೊಡ್ಡ ಅಂತರವಿದ್ದರೆ ಕೂಗಾಡುವ ಮೊದಲು ಮೂಟೆ ತೂಗಿಸಿ. 50 ಕೆಜಿ ಎಂದು ಬಂದ ಚೀಲದಲ್ಲಿ 47 ಇದ್ದರೆ ಮುಖ್ಯ ಶಿಕ್ಷಕರು ಆ ಕೊರತೆಯನ್ನು ಕಾಗದದಲ್ಲಿ ಸರಿದೂಗಿಸಲು ಹೊರಟಿರುತ್ತಾರೆ, ಹಾಜರಿ ಉಬ್ಬುವುದಕ್ಕೆ ಒಮ್ಮೊಮ್ಮೆ ಇದೇ ಕಾರಣ. ಇದಕ್ಕೆ ಮದ್ದು, ಲಾರಿ ಇಳಿಸುವಾಗಲೇ ಒಬ್ಬ ಸದಸ್ಯರು ನಿಂತು ತೂಕ ಮಾಡಿಸಿ, ಸಿಕ್ಕಷ್ಟನ್ನೇ ರಸೀದಿಯಲ್ಲಿ ಬರೆಸುವುದು. ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಇರಲಿ. ಬೇಳೆ, ಎಣ್ಣೆ, ಹಾಲಿನ ಪುಡಿ ಹಳೆಯದು ಮೊದಲು ಖಾಲಿಯಾಗಲಿ. ಬಡಿಸುವ ಮುಂಚೆ ಶಿಕ್ಷಕರ ಜೊತೆ ಒಬ್ಬ ಪೋಷಕರೂ ಊಟ ರುಚಿ ನೋಡಿ ವಹಿಯಲ್ಲಿ ಸಹಿ ಮಾಡುವ ಪಾಳಿ ಹಾಕಿಕೊಳ್ಳಿ. ಅಡುಗೆಯವರ ಜಾತಿ ಹಿಡಿದು ಯಾರಾದರೂ ಮಗುವನ್ನು ಊಟಕ್ಕೆ ಬಿಡದಿದ್ದರೆ ಸಮಿತಿ ರಾಜಿ ಪಂಚಾಯಿತಿ ಮಾಡಬೇಕಾದ ವಿಷಯ ಅದಲ್ಲ; ಅಸ್ಪೃಶ್ಯತೆ ಅಪರಾಧ. ಸದಸ್ಯರೆಲ್ಲ ಮಕ್ಕಳ ಸಾಲಿನಲ್ಲಿ ಕೂತು ಉಣ್ಣುವುದು ಮಾತ್ರ ಸಮಿತಿಯಿಂದ ಆಗುವ ಕೆಲಸ.

ಶಿಕ್ಷಕರ ಕೊರತೆಗೆ ಮನವಿ ಕೊಡುವಾಗ ‘ಶಿಕ್ಷಕರು ಸಾಲದು’ ಎಂದು ಬರೆದರೆ ಫೈಲು ಕದಲುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಲೆಕ್ಕ ಇದೆ: ಐದನೇ ತರಗತಿವರೆಗೆ 60 ಮಕ್ಕಳಿಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ನಿಮ್ಮಲ್ಲಿ 64 ಮಕ್ಕಳು, 2 ಶಿಕ್ಷಕರು ಇದ್ದರೆ ಆ ಅಂಕಿಯನ್ನೇ ಬರೆಯಿರಿ. ಶಾಲೆಗಳ ಅಂಕಿಅಂಶ ಸೇರಿಸುವ ಸರ್ಕಾರದ ಯು-ಡೈಸ್ ಮಾಹಿತಿ ಸೆಪ್ಟೆಂಬರ್ 30ರ ಸ್ಥಿತಿಯನ್ನು ಹಿಡಿಯುತ್ತದೆ. ಆದ್ದರಿಂದ ಊರಲ್ಲಿ ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗುವ ಕೆಲಸ ಜೂನ್ ತಿಂಗಳದ್ದು, ಅಕ್ಟೋಬರಿನದಲ್ಲ. ಹುಸಿ ದಾಖಲಾತಿಗೆ ಮಾತ್ರ ಒಪ್ಪಬೇಡಿ. ಅದೇ ಹೆಸರು ಇನ್ನೊಂದು ಶಾಲೆಯಲ್ಲೂ ಇದ್ದರೆ ಸಿಕ್ಕಿಬೀಳುವುದು ಖಚಿತ.

ಮನವಿ ಹೋಗುವ ದಾರಿ ಹೀಗೆ: ಠರಾವಿನ ನಕಲು, ಮುಖ್ಯ ಶಿಕ್ಷಕರ ಪತ್ರ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಕಾಂಪೌಂಡು, ನೀರು, ಶೌಚಾಲಯದ ಕೆಲಸವಾದರೆ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಅದೂ ಗ್ರಾಮ ಸಭೆಗೆ ಮುಂಚೆ, ಕ್ರಿಯಾ ಯೋಜನೆಯಲ್ಲಿ ಸೇರುವಂತೆ. ಪ್ರತಿ ಕಡೆಯೂ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆಗೆ ಫೈಲ್ ನಂಬರ್ ಇರುವುದಿಲ್ಲ.

ಕಟ್ಟಡದ ಕನಸಿರುವ ಸಮಿತಿ ಮೊದಲು ತೆಗೆಸಬೇಕಾದ್ದು ಪಹಣಿ. ಎಷ್ಟೋ ಶಾಲೆಗಳ ಜಾಗವನ್ನು ಅಜ್ಜನ ಕಾಲದಲ್ಲಿ ಯಾರೋ ಬಾಯಲ್ಲಿ ದಾನ ಕೊಟ್ಟಿರುತ್ತಾರೆ, ದಾನಪತ್ರ ನೋಂದಣಿ ಆಗಿರುವುದಿಲ್ಲ, ಪಹಣಿಯಲ್ಲಿ ಇನ್ನೂ ಹಳೆಯ ಹೆಸರೇ ಇರುತ್ತದೆ. ಕೊಠಡಿ ಮಂಜೂರಾದ ದಿನ ಮೊಮ್ಮಕ್ಕಳು ತಕರಾರು ತೆಗೆದರೆ ಹಣ ವಾಪಸು ಹೋಗುತ್ತದೆ. ದಾನಿಯ ಮನೆಯ ಹಿರಿಯರು ಇರುವಾಗಲೇ ನೋಂದಣಿ ಮುಗಿಸಿ, ಸರ್ವೆ ಮಾಡಿಸಿ ಕಲ್ಲು ನೆಡಿಸಿ.

ಪಾಠದ ಕೋಣೆಗೆ ನುಗ್ಗಿ ಶಿಕ್ಷಕರನ್ನು ಮಕ್ಕಳೆದುರು ಪ್ರಶ್ನಿಸುವುದು ಸಮಿತಿಯ ಕೆಲಸವಲ್ಲ, ಅದರಿಂದ ಕೆಡುವುದೇ ಹೆಚ್ಚು. ಒಂದರಿಂದ ಐದರವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು: ಈ ತಿಂಗಳು ಎಷ್ಟು ದಿನ ಪಾಠ ನಡೆಯಿತು, ಶಿಕ್ಷಕರು ತರಬೇತಿ, ಮೀಟಿಂಗು ಎಂದು ಎಷ್ಟು ದಿನ ಹೊರಗಿದ್ದರು? ಇಂಥ ಅಂಕಿ ದಾಖಲಾದರೆ ಶಿಕ್ಷಕರಿಗೂ ಅನುಕೂಲವೇ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಹೊರಗೆಲಸಕ್ಕೆ ಅವರನ್ನು ಎಳೆಯಬಾರದೆಂದು 27ನೇ ಸೆಕ್ಷನ್ ಹೇಳಿದೆ, ಅವರ ಪರವಾಗಿ ಪತ್ರ ಬರೆಯಲು ಸಮಿತಿಗೆ ಆ ಅಂಕಿಯೇ ಆಧಾರ.

ಅವಧಿ ಮುಗಿಯುವ ತಿಂಗಳು ಒಂದು ಕೆಲಸ ಬಾಕಿ ಇರುತ್ತದೆ. ಬಾಕಿ ಇರುವ ಮನವಿಗಳ ಮೊಹರಿನ ಪ್ರತಿಗಳು, ಪಹಣಿ, ಶಾಲಾ ಅಭಿವೃದ್ಧಿ ಯೋಜನೆ, ಬ್ಯಾಂಕಿನ ಶಿಲ್ಕು, ದಾಸ್ತಾನಿನ ಪಟ್ಟಿ ಇಷ್ಟನ್ನೂ ಒಂದು ಫೈಲಿನಲ್ಲಿ ಸೇರಿಸಿ, ಹೊಸ ಸಮಿತಿಯ ಮೊದಲ ಸಭೆಯಲ್ಲಿ ಹಸ್ತಾಂತರದ ಠರಾವು ಬರೆಸಿ ಕೊಡಿ. ಅಧ್ಯಕ್ಷರು ಬದಲಾದ ಮೇಲೆ ಬ್ಯಾಂಕಿನಲ್ಲಿ ಸಹಿ ಬದಲಿಸಲು ಕೇಳುವುದೂ ಇದೇ ಠರಾವನ್ನೇ. ಅದು ತಡವಾದಷ್ಟು ದಿನ ಶಾಲೆಯ ಖರ್ಚು ನಿಂತಿರುತ್ತದೆ.