ನೀವಾದರೆ ಲಿವರ್ ಎಳೆಯುತ್ತೀರಾ?

ನಾನು ನೀತಿಶಾಸ್ತ್ರ ಪಾಠ ಮಾಡುತ್ತೇನೆಂದು ಗೊತ್ತಾದವರಲ್ಲಿ ಬಹುತೇಕರು ಕೇಳುವುದು ಒಂದೇ ಪ್ರಶ್ನೆ. ಹಿಡಿತ ತಪ್ಪಿದ ಟ್ರಾಮ್ ಐವರ ಮೇಲೆ ಹರಿಯಲಿದೆ. ಲಿವರ್ ಎಳೆದರೆ ಅದು ಪಕ್ಕದ ಹಳಿಗೆ ತಿರುಗಿ ಅಲ್ಲಿರುವ ಒಬ್ಬನನ್ನು ಕೊಲ್ಲುತ್ತದೆ. ನೀವಾದರೆ ಏನು ಮಾಡುತ್ತೀರಿ? ಎಳೆಯುತ್ತೇನೆ ಎಂದೇ ನನ್ನ ಉತ್ತರ. ಆದರೆ ಆ ಉತ್ತರದಿಂದ ನನ್ನ ಬಗ್ಗೆಯಾಗಲಿ, ಒಳಿತು ಕೆಡುಕುಗಳ ಬಗ್ಗೆಯಾಗಲಿ ತಿಳಿಯುವುದು ತೀರ ಕಡಿಮೆ ಎಂದೂ ಜೊತೆಗೇ ಹೇಳುತ್ತೇನೆ.

1967ರಲ್ಲಿ ಟ್ರಾಮಿನ ಈ ಉದಾಹರಣೆಯನ್ನು ಮುಂದಿಟ್ಟ ಬ್ರಿಟಿಷ್ ತತ್ವಜ್ಞಾನಿ ಫಿಲಿಪ್ಪಾ ಫೂಟ್ ಅವರು ಯಾರ ಗುಣವನ್ನೂ ಪರೀಕ್ಷಿಸಲು ಹೊರಟವರಲ್ಲ. ಗರ್ಭಪಾತದ ಚರ್ಚೆಯ ನಡುವೆ, ಗಲಭೆ ತಡೆಯಲೆಂದು ನಿರಪರಾಧಿಯನ್ನು ಗಲ್ಲಿಗೇರಿಸುವ ನ್ಯಾಯಾಧೀಶನನ್ನೂ ಟ್ರಾಮಿನ ಚಾಲಕನನ್ನೂ ಅಕ್ಕಪಕ್ಕ ನಿಲ್ಲಿಸಿ, ಸಾವುಗಳ ಲೆಕ್ಕ ಒಂದೇ ಇದ್ದರೂ ನಮ್ಮ ತೀರ್ಪು ಏಕೆ ಬೇರೆಯಾಗುತ್ತದೆ ಎಂದು ಅವರು ಕೇಳಿದರು. ಅಷ್ಟರ ಮಟ್ಟಿಗೆ ಆ ಕಲ್ಪನೆ ಚೆನ್ನಾಗಿಯೇ ಒದಗುತ್ತದೆ.

ತೊಡಕಿರುವುದು ಕಥೆ ಕೊಡುವ ಖಾತರಿಯಲ್ಲಿ: ಲಿವರ್ ಎಳೆದರೆ ಏನಾಗುತ್ತದೆ, ಎಳೆಯದಿದ್ದರೆ ಏನಾಗುತ್ತದೆ ಎಂಬುದು ಅಲ್ಲಿ ಮೊದಲೇ ಗೊತ್ತು. ನಿಜವಾಗಿ ನಡೆದ ಒಂದು ಘಟನೆಯನ್ನು ಅದರ ಪಕ್ಕಕ್ಕಿಟ್ಟು ನೋಡಿ. 1884ರ ಜುಲೈಯಲ್ಲಿ ಮಿನ್ಯೊನೆಟ್ ಎಂಬ ಇಂಗ್ಲಿಷ್ ನೌಕೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿದಾಗ ಕ್ಯಾಪ್ಟನ್ ಡಡ್ಲಿ, ಸ್ಟೀಫನ್ಸ್, ಬ್ರೂಕ್ಸ್ ಮತ್ತು 17 ವರ್ಷದ ರಿಚರ್ಡ್ ಪಾರ್ಕರ್ ಸಣ್ಣ ದೋಣಿಯೊಂದನ್ನು ಹತ್ತಿದರು. ಅವರ ಬಳಿ ಇದ್ದುದು ಟರ್ನಿಪ್ ಗೆಡ್ಡೆಯ ಎರಡು ಡಬ್ಬಿ, ಕುಡಿಯುವ ನೀರಿರಲಿಲ್ಲ. ನಡುವೆ ಒಂದು ಆಮೆ ಸಿಕ್ಕಿತು. ಸುಮಾರು 20 ದಿನಗಳಾದ ಮೇಲೆ, ನಿತ್ರಾಣನಾಗಿ ಬಿದ್ದಿದ್ದ ಹುಡುಗನನ್ನು ಡಡ್ಲಿ ಕೊಂದ. ಸ್ಟೀಫನ್ಸ್ ಸಮ್ಮತಿಸಿದ್ದ, ಬ್ರೂಕ್ಸ್ ಒಪ್ಪಿರಲಿಲ್ಲ. ಮೂವರೂ ಆ ದೇಹವನ್ನು ತಿಂದು ಬದುಕಿದರು. ನಾಲ್ಕನೆಯ ದಿನ ಹಡಗೊಂದು ಬಂತು.

ಒಬ್ಬನ ಬದಲು ಮೂವರು ಎಂದು ಬರೆದರೆ ಇದೂ ಟ್ರಾಮಿನ ಲೆಕ್ಕವೇ. ಆದರೆ ಹಡಗು ಯಾವಾಗ ಬರುತ್ತದೆ, ಬರುತ್ತದೆಯೋ ಇಲ್ಲವೋ ಎಂದು ದೋಣಿಯಲ್ಲಿದ್ದವರಿಗೆ ಹೇಳುವವರು ಯಾರೂ ಇರಲಿಲ್ಲ. ತಮಗೆ ಹೆಂಡತಿ ಮಕ್ಕಳಿದ್ದಾರೆ ಎಂಬುದು ಡಡ್ಲಿ ಮತ್ತು ಸ್ಟೀಫನ್ಸ್ ಆಡಿಕೊಂಡ ಮಾತು. ಚೀಟಿ ಎತ್ತುವ ಮಾತು ಬಂದರೂ ಚೀಟಿ ಎತ್ತಲಿಲ್ಲ, ಹುಡುಗನ ಒಪ್ಪಿಗೆಯನ್ನು ಕೇಳಲೂ ಇಲ್ಲ. ಕೊಲ್ಲುವುದು ಅನಿವಾರ್ಯ ಎಂದು ತೀರ್ಮಾನಿಸಿದವರೂ ಅದರಿಂದ ಬದುಕಿ ಉಳಿಯುವವರೂ ಅವರೇ. ಇಂತಹ ಅನಿವಾರ್ಯತೆಯನ್ನು ನಿರ್ಣಯಿಸಬೇಕಾದವರು ಯಾರು ಎಂದು ನ್ಯಾಯಾಲಯ ಕೇಳಿದ್ದು ಇದಕ್ಕಾಗಿಯೇ. ಇಬ್ಬರಿಗೂ ಮರಣದಂಡನೆ ವಿಧಿಸಿ, ಬಳಿಕ ಅದನ್ನು ಆರು ತಿಂಗಳ ಸೆರೆವಾಸಕ್ಕೆ ಇಳಿಸಲಾಯಿತು. ಆ ಇಳಿಕೆಯೂ ಸರಿ, ಅಪರಾಧವೆಂಬ ತೀರ್ಪೂ ಸರಿ ಎಂದು ನನಗನ್ನಿಸುತ್ತದೆ. ಒಂದು ಲಿವರ್ ಮಾತ್ರ ಇರುವ ಕಥೆಯಲ್ಲಿ ಇವೆರಡನ್ನೂ ಒಟ್ಟಿಗೆ ಹೇಳಲು ಜಾಗವೇ ಇಲ್ಲ.

ಹಳಿಯ ಕಥೆಯಿಂದ ಯಾರಿಗೂ ಅಪಾಯವಿಲ್ಲ. ನನಗೆ ನಿಜವಾಗಿ ಕಳವಳ ತರುವುದು ಅದರ ದಾಯಾದಿ: ನಗರದಲ್ಲಿ ಬಾಂಬ್ ಇದೆ, ಇಟ್ಟವನು ಸೆರೆ ಸಿಕ್ಕಿದ್ದಾನೆ, ಚಿತ್ರಹಿಂಸೆ ಕೊಟ್ಟರೆ ಸ್ಥಳ ಹೇಳುತ್ತಾನೆ, ಕೊಡಬಹುದೇ? ಬಾಂಬ್ ಇರುವುದು, ಇವನೇ ಅದನ್ನು ಇಟ್ಟಿರುವುದು, ನೋವಿಗೆ ಇವನು ಸತ್ಯವನ್ನೇ ನುಡಿಯುವುದು, ಈ ಮೂರನ್ನೂ ಕಥೆ ಮೊದಲೇ ಖಚಿತಪಡಿಸಿಬಿಡುತ್ತದೆ. ಲಾಕಪ್ಪಿನೊಳಗೆ ಗೊತ್ತಿರದಿರುವುದು ಈ ಮೂರೇ, ಮತ್ತು ಹೊಡೆತ ತಾಳಲಾರದವನು ನಿಲ್ಲಿಸಿದರೆ ಸಾಕೆಂದು ಯಾವ ಜಾಗದ ಹೆಸರನ್ನಾದರೂ ಹೇಳುತ್ತಾನೆ. ಹಾಗಾಗಿ ಈ ಎರಡನೆಯ ಪ್ರಶ್ನೆಗೆ ನಾನು ಹೌದು ಎನ್ನುವುದಿಲ್ಲ. ಕಥೆಯೊಳಗೆ ಕೊಟ್ಟ ಒಪ್ಪಿಗೆಯನ್ನು ಠಾಣೆಯೊಳಗಿನ ಅನುಮತಿಯಾಗಿ ಬಳಸಿಕೊಳ್ಳಲು ಯಾರಿಗೂ ಬಿಡಲಾರೆ.