ಆಪರೇಷನ್ ಆದ ಮೇಲೆ ಸುಮ್ನೆ ಮಲಗಿರಬೇಡಿ

ಕ್ಯಾನ್ಸರ್ ಇದ್ದದ್ದರಿಂದ ನನ್ನ ಬಲಗಡೆ ಶ್ವಾಸಕೋಶದ ಮೇಲಿನ ಭಾಗವನ್ನು ಬೆಂಗಳೂರಿನಲ್ಲಿ ತೆಗೆದರು. ಬಲಗಡೆ ಮೂರು ಭಾಗ ಇರುತ್ತದೆ, ಎಡಗಡೆ ಎರಡು. ಒಂದು ಹೋದರೆ ಉಳಿದವು ನಿಧಾನಕ್ಕೆ ಹಿಗ್ಗಿ ಆ ಜಾಗ ತುಂಬಿಕೊಳ್ಳುತ್ತವೆ. ಹಾಸನಕ್ಕೆ ವಾಪಸ್ ಬಂದ ಮೇಲೆ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು, "ಏನೂ ಮಾಡಬೇಡಮ್ಮ, ಸುಮ್ನೆ ಮಲಗಿರು." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಲಗೇ ಇದ್ದರೆ ಕಫ ಕಟ್ಟಿಕೊಂಡು ನ್ಯುಮೋನಿಯಾ ಆಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಎಲ್ಲಕ್ಕಿಂತ ಮೊದಲು ನೋವಿನ ಮಾತ್ರೆ. ಸಹಿಸಿಕೊಳ್ಳೋಣ ಅಂತ ಬಿಡಬೇಡಿ. ನೋವಿದ್ದರೆ ಉಸಿರನ್ನು ಪೂರ್ತಿ ಎಳೆಯೋಕೇ ಭಯ ಆಗುತ್ತದೆ, ಕೆಮ್ಮು ಬಂದರೂ ತಡೆದುಕೊಳ್ಳುತ್ತೇವೆ, ಕಫ ಒಳಗೇ ಉಳಿಯುತ್ತದೆ. ಡಾಕ್ಟರ್ ಹೇಳಿದ ಹೊತ್ತಿಗೆ ಮಾತ್ರೆ ತಗೊಂಡು, ಅದು ಹಿಡಿದ ಮೇಲೆ ವ್ಯಾಯಾಮ ಮಾಡಿದರೆ ಎಷ್ಟೋ ಸಲೀಸು. ಕೆಮ್ಮುವಾಗ ಹೊಲಿಗೆ ಇರುವ ಕಡೆ ದಿಂಬನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೆಲವು ನೋವಿನ ಮಾತ್ರೆಗಳಿಂದ ಮಲ ಗಟ್ಟಿಯಾಗುತ್ತದೆ, ತಿಣುಕಿದರೆ ಎದೆಯೂ ನೋಯುತ್ತದೆ. ನಾಚಿಕೆ ಬಿಟ್ಟು ಡಾಕ್ಟರ್ ಹತ್ತಿರ ಅದಕ್ಕೂ ಔಷಧಿ ಕೇಳಿ.

ಹೆಂಗಸರಿಗೆ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎದೆಯ ಕೆಳಗೆ ಜೋಮು ಹಿಡಿದ ಹಾಗೆ, ಕೆಲವೊಮ್ಮೆ ಉರಿದ ಹಾಗೆ ಆಗುತ್ತದೆ. ಪಕ್ಕೆಲುಬುಗಳ ನಡುವಿನ ನರಕ್ಕೆ ಪೆಟ್ಟಾಗಿರುತ್ತದೆ, ಅದಕ್ಕೇ. ತಿಂಗಳುಗಟ್ಟಲೆ ಇರಬಹುದು. ಬ್ರಾ ಪಟ್ಟಿ ಸರಿಯಾಗಿ ಅಲ್ಲೇ ಒತ್ತುತ್ತದೆ, ಅದಕ್ಕೆ ಸಡಿಲವಾದ ಹತ್ತಿ ಬಟ್ಟೆಯೇ ವಾಸಿ. ಉರಿ ಕಡಿಮೆಯಾಗದಿದ್ದರೆ ನರದ ನೋವಿಗೇ ಬೇರೆ ಮಾತ್ರೆ ಇದೆ, ಕೇಳಿ ತಗೊಳ್ಳಿ.

ನೋವು ಅಂತ ಆ ಕಡೆಯ ಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದರೆ ಭುಜ ಬಿಗಿದುಬಿಡುತ್ತದೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲೆ ಹತ್ತಿಸಿ, ಸಾಕೆನಿಸಿದ ಕಡೆ ನಿಲ್ಲಿಸಿ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಮಾತ್ರ ಡಾಕ್ಟರ್ ಹೂಂ ಅನ್ನುವವರೆಗೂ ಮುಟ್ಟಬೇಡಿ.

ನಡಿಗೆ ನನ್ನ ಪಾಲಿಗೆ ದೊಡ್ಡ ಔಷಧಿ. ಮೊದಲು ಹಜಾರದಿಂದ ಅಡುಗೆಮನೆ, ಆಮೇಲೆ ಗೇಟು, ಈಗ ಮಹಾರಾಜ ಪಾರ್ಕಿನಲ್ಲಿ ಬೆಂಚಿನಿಂದ ಬೆಂಚಿಗೆ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿ ಆಯ್ತು ಅಂತಲೇ. ಏದುಸಿರು ಬಂದರೆ ಕೂತು ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನಲ್ಲಿ ಎಳೆದುಕೊಂಡು, ಬಿಸಿ ಕಾಫಿ ಊದುವ ಹಾಗೆ ತುಟಿ ಕೂಡಿಸಿ ನಿಧಾನವಾಗಿ ಬಿಡಿ. ಎಳೆದುಕೊಂಡಿದ್ದಕ್ಕಿಂತ ಎರಡರಷ್ಟು ಹೊತ್ತು ಬಿಡಬೇಕು. ಮೆಟ್ಟಿಲು ಹತ್ತುವಾಗಲೂ ಅಷ್ಟೇ, ಉಸಿರು ಬಿಡುತ್ತಾ ಹೆಜ್ಜೆ ಇಡಿ.

ನಮ್ಮೂರ ಚಳಿಗಾಲದ ಬೆಳಿಗ್ಗೆ ಗೊತ್ತಲ್ವಾ, ಮಂಜು ಬೇರೆ, ನೀರು ಕಾಯಿಸುವ ಹಂಡೆ ಒಲೆಯ ಹೊಗೆ ಬೇರೆ. ಎರಡೂ ಕೆಮ್ಮು ಕೆರಳಿಸುತ್ತವೆ. ನಾನು ಬಿಸಿಲು ಬಂದ ಮೇಲೇ ಹೊರಡುವುದು. ಮನೆಯವರಿಗೆ ಹೊಗೆ ಬೇಡ ಅಂತ ನೇರವಾಗಿ ಹೇಳಿದ್ದೇನೆ, ನೀವೂ ಹೇಳಿ. ಬೀಡಿ ಸಿಗರೇಟಿನ ಹೊಗೆಯಂತೂ ಹತ್ತಿರ ಸುಳಿಯಲೇಬಾರದು.

ಸುಸ್ತು ಬೇರೆ, ಅಪಾಯ ಬೇರೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಹಿಡಿದುಕೊಂಡರೆ, ಕಫದಲ್ಲಿ ರಕ್ತ ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಉಸಿರು ಕಟ್ಟಿದಾಗ 108ಕ್ಕೆ ಫೋನ್ ಮಾಡಿ. ಡಾಕ್ಟರ್ ನಂಬರನ್ನು ಮನೆಯ ಎಲ್ಲರ ಮೊಬೈಲಿನಲ್ಲೂ ಇವತ್ತೇ ಹಾಕಿಡಿ.